ಹಾರೆ ಇಳಿಯುವ ತನಕ

ನವೆಂಬರ್ 3, ಸೋಮವಾರ

ಬ್ಲೇಡು ಬಂತು. ಚರ್ಚಿನ ಸ್ಮಶಾನ ಕಮಿಟಿಯ ಮೂವರು ಮಹಾನುಭಾವರು ಬೆಳಿಗ್ಗೆಯಿಂದ ಅದಕ್ಕೆ ಪ್ರದಕ್ಷಿಣೆ ಹಾಕಿದ್ದೇ ಹಾಕಿದ್ದು. ಮೂವರಲ್ಲಿ ನಾನೂ ಒಬ್ಬ. ನಾಚಿಕೆಗೇಡು.

ಪುಟ್ಟ ಟ್ರ್ಯಾಕ್ಟರ್, ಮೂತಿಗೆ ಆರಡಿ ಬ್ಲೇಡು. ಚಳಿಗಾಲದಲ್ಲಿ ಹಿಮ ತಳ್ಳಲು, ಉಳಿದಾಗ ಜಲ್ಲಿ ದಾರಿ ಸಮ ಮಾಡಲು. ಕೌಂಟಿಯ ರಸ್ತೆ ಸಮ ಮಾಡುವ ದೊಡ್ಡ ಗ್ರೇಡರ್ ಓಡಿಸಿಯೇ ರಿಟೈರ್ ಆದವನಿಗೆ ಇದು ಮಕ್ಕಳಾಟಿಕೆ. ಇದಕ್ಕೂ ಪುಸ್ತಕ ಓದಿ ಜೋಡಿಸಬೇಕಂತೆ. ಓದಿದವನು ಖಜಾಂಚಿ ಮೆಲ್ವಿನ್ ರುವೊನ. ಕನ್ನಡಕ ಹಾಕಿಕೊಂಡು ಅದರ ಮೇಲಿನಿಂದ ಓದುತ್ತಾನೆ. ಹಾಗಾದರೆ ಕನ್ನಡಕ ಯಾಕೋ ಮಾರಾಯ?

ಎಣ್ಣೆಯ ಹೋಸ್ ಎರಡೂ ಅದಲುಬದಲು. ಲಿವರ್ ಎಡಕ್ಕೆ ಎಳೆದರೆ ಬ್ಲೇಡು ಬಲಕ್ಕೆ.

"ಹಂಗೇ ಇರ್ಲಿ ಬಿಡೋ ಓನ್ನಿ, ಅಭ್ಯಾಸ ಆಗುತ್ತೆ," ಅಂದ ಮೆಲ್ವಿನ್.

"ನಿನ್ ಹೆಂಡ್ತೀನೂ ಹಂಗೇ ಅಂದ್ಕೊಂಡು ನಿನ್ನ ಇಟ್ಕೊಂಡಿರೋದು," ಅಂದೆ.

ಪಾಸ್ಟರ್ ಕೆಂಡ್ರಾ ನಕ್ಕುಬಿಟ್ಟಳು. ಆಮೇಲೆ ನಗಬಾರದಿತ್ತು ಅನ್ನುವ ಮುಖ ಮಾಡಿದಳು. ಕಮಿಟಿಯ ಮೂರನೆಯವಳು ಅವಳೇ. ದೊಡ್ಡ ಸೇತುವೆಯಾಚೆಯ, ಹಿಮ ಕಮ್ಮಿ ಬೀಳುವ ದಕ್ಷಿಣದವಳು. ಹಿಮ ಅಂದರೆ ಕ್ರಿಸ್‌ಮಸ್ ಕಾರ್ಡು ಅಂದುಕೊಂಡಿದ್ದಾಳೆ. ಬರಲಿ ಜನವರಿ…

ಹೋಸ್ ತಿರುಗಿಸಿ ಹಾಕಿದೆ. ಯಾರೂ ಥ್ಯಾಂಕ್ಸ್ ಅನ್ನಲಿಲ್ಲ. ಅದೊಂದು ಈ ಊರಿನ ಒಳ್ಳೆಯ ಗುಣ.

ನವೆಂಬರ್ 5

ಕಮಿಟಿಗೆ ಸೇರಿದ್ದು ಭಕ್ತಿಯಿಂದ ಅಲ್ಲ. ಹೆಂಡತಿ ಸೈಮಾಗಾಗಿ.

ಮುಂದಿನ ಕೋಣೆಯಲ್ಲಿ ಅವಳ ಮಂಚ. ಯಕೃತ್ತಿನ ತುಂಬ ಕ್ಯಾನ್ಸರ್ ಗಡ್ಡೆ. ಕಿಟಕಿಯಿಂದ ಚರ್ಚಿನ ಸ್ಮಶಾನದ ಗುಡ್ಡ ಕಾಣುತ್ತದೆ. ಅಲ್ಲಿರುವ ಕಲ್ಲುಕೋಣೆಯೂ ಕಾಣುತ್ತದೆ. ಚಳಿಗಾಲದಲ್ಲಿ ಸತ್ತವರನ್ನು ನೆಲ ಮೆತ್ತಗಾಗುವ ಮೇ ತನಕ ಪೆಟ್ಟಿಗೆಯಲ್ಲಿ ಅಲ್ಲೇ ಇಡುವುದು. ಅವಳ ಅಕ್ಕ ಒಂದು ಇಡೀ ಚಳಿಗಾಲ ಅಲ್ಲಿದ್ದಳು.

ಇವತ್ತು ಮತ್ತೆ ಶುರು.

"ನನ್ನನ್ನ ಆ ಗೂಡಲ್ಲಿ ಇಟ್ಯೋ, ನೋಡು. ನಮ್ಮಕ್ಕ ಆಲೂಗಡ್ಡೆ ಮೂಟೆ ಥರ ಬಿದ್ದಿದ್ಲು. ನಂಗೆ ಮಣ್ಣು ಬೇಕು. ಅಪ್ಪ ಅಮ್ಮನ ಪಕ್ಕ."

"ಈಗ್ಯಾಕೆ ಆ ಮಾತು?"

"ಡಾಕ್ಟ್ರು ಕ್ರಿಸ್‌ಮಸ್ ಅಂತಾರೆ. ನೆಲ ಮೇ ಅನ್ನುತ್ತೆ. ನೀನೇ ಲೆಕ್ಕ ಹಾಕು."

ಕಮಿಟಿಯ ನಿಯಮ ಹೀಗೆ: ಗುಡ್ಡದ ದಾರಿ ತೆರೆದಿದ್ದು, ಅಗೆಯುವ ಯಂತ್ರ ಗುಂಡಿಯ ಜಾಗದ ತನಕ ಹೋಗುವಂತಿದ್ದರೆ ಚಳಿಗಾಲದಲ್ಲೂ ಹೂಳಬಹುದು. ಇಷ್ಟು ವರ್ಷ ತೆರೆದಿಡುವ ಗಂಡಸು ಇರಲಿಲ್ಲ. ಈಗ ಇದ್ದಾನೆ. ಮಾತು ಕೊಟ್ಟೆ.

ನವೆಂಬರ್ 8

ನಾನಿಲ್ಲದ ಹೊತ್ತು ನೋಡಿ ಮೆಲ್ವಿನ್ ದಾರಿ ಸಮ ಮಾಡಲು ಹೋಗಿದ್ದಾನೆ. ಬ್ಲೇಡಿನ ಕೆಳಗೆ ಎರಡು ಕಬ್ಬಿಣದ ಪಾದಗಳಿವೆ. ಅಂಚು ಎಷ್ಟು ಕೆಳಗಿಳಿಯಬೇಕು ಅನ್ನುವುದನ್ನು ಅವೇ ಹಿಡಿದಿಡುವುದು. ಆ ಪಾದಗಳನ್ನೇ ಬಿಚ್ಚಿಟ್ಟಿದ್ದಾನೆ! ದಾರಿಯ ನಡುವಿನ ಉಬ್ಬೆಲ್ಲ ಕೆರೆದು ಚರಂಡಿಗೆ ಹೋಯಿತು. ನೀರು ಇನ್ನು ನಡುವೆಯೇ ನಿಲ್ಲುತ್ತದೆ. ಕೇಳಿದರೆ, "ಈ ಗುಡ್ಡದ ಜಲ್ಲೀನೇ ಸರಿ ಇಲ್ಲ." ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಮಧ್ಯಾಹ್ನವೆಲ್ಲ ಜಲ್ಲಿ ಮೇಲಕ್ಕೆಳೆದು ಉಬ್ಬು ಕೂರಿಸಿದೆ. ಬ್ಲೇಡಿಗೆ ಒಂದಿಷ್ಟು ಓರೆ, ಒಂದೇ ಗತಿ. ಹಿಂದಿನ ಚಕ್ರ ಜಾರುತ್ತಿತ್ತು — ಹಿಂದೆ ಭಾರವೇ ಇಲ್ಲ. ಡ್ರಮ್ಮಿಗೆ ಕಾಂಕ್ರೀಟು ತುಂಬಿ ಸಿಕ್ಕಿಸಿದೆ. ಬ್ಲೇಡಿನ ಬೆನ್ನ ಸ್ಪ್ರಿಂಗುಗಳನ್ನು ಆ ಪುಣ್ಯಾತ್ಮ ಕತ್ತು ಹಿಚುಕುವ ಹಾಗೆ ಬಿಗಿದಿದ್ದ. ಕಲ್ಲು ತಾಗಿದರೆ ಬ್ಲೇಡು ಮಡಚಿಕೊಂಡು ಹಾರಿಹೋಗಬೇಕು, ಅದಕ್ಕೇ ಸ್ಪ್ರಿಂಗು. ಸಡಿಲ ಮಾಡಿದೆ.

ಈಗ ಬೀಗದ ಕೈ ನನ್ನ ಜೇಬಿನಲ್ಲಿ.

ನವೆಂಬರ್ 20

ಮೊದಲ ದೊಡ್ಡ ಹಿಮ. ಸರೋವರದ ಕಡೆಯಿಂದ ರಾತ್ರಿಯೆಲ್ಲ ಸುರಿದಿದೆ.

ಮೆಲ್ವಿನ್ ಮನೆ ದಾಟಿ ಹೋಗುವಾಗ ನೋಡಿದೆ. ಈ ಸಲ ಬಾವಿಯಿಂದ ಮನೆಯ ತನಕ ಅಂಗಳಕ್ಕೆ ಹಗ್ಗ ಕಟ್ಟಿದ್ದಾನೆ, ಯಾರೂ ಹಿಮ ತೆಗೆಯದಿರಲಿ ಅಂತ. ಬುದ್ಧಿ ಬಂತಲ್ಲ! ಹೋದ ವರ್ಷ ಚೊಕ್ಕಟ ಬೇಕು ಅಂತ ಅಂಗಳ ಬೋಳಿಸಿ, ನೀರಿನ ಪೈಪು ನೆಲದೊಳಗೇ ಕಲ್ಲಾಗಿ, ಏಪ್ರಿಲ್ ತನಕ ಬಕೆಟ್ ಹೊತ್ತ. ಹಿಮ ನೆಲಕ್ಕೆ ಕಂಬಳಿ. ಕಂಬಳಿ ಕಿತ್ತರೆ ನೆಲ ಹೆಪ್ಪುಗಟ್ಟುತ್ತದೆ. ಗ್ರೇಡರ್ ಮೇಲೆ ಕೂತಾಗ ಊರಿಗೆಲ್ಲ ಇದನ್ನೇ ಹೇಳುತ್ತಿದ್ದೆ. ಆಗ ಕೇಳದವನು ಬಕೆಟ್ ಹೊತ್ತು ಕಲಿತ. ಈ ಕತೆ ಸೌನಾದ ಹಬೆಯಲ್ಲಿ ಕೂತು ಹೇಳಿದಷ್ಟೂ ಸಲ ನಗು ಗ್ಯಾರಂಟಿ.

ಡಿಸೆಂಬರ್ 4

ಆರ್ವೋ ಪೆಲ್ಟೊಲ ಸತ್ತ. ಚರ್ಚಿನ ಹಾಡುಗಾರರ ತಂಡದಲ್ಲಿ ನಲವತ್ತು ವರ್ಷ ಸೈಮಾಳ ಹಿಂದೆ ನಿಂತು ಮೂಗಿನಲ್ಲಿ ಹಾಡಿದವನು. ಗುಂಡಿಯ ಜಾಗ ತೆರವು ಮಾಡಿ ಅಂತ ಮನೆಯವರು ಕೇಳಲೇ ಇಲ್ಲ, ಕಲ್ಲುಕೋಣೆ ಸಾಕಂತೆ. ಪೆಟ್ಟಿಗೆ ಒಳಗಿಟ್ಟು ಬೀಗ ಹಾಕಿದೆವು.

ಸೈಮಾಗೆ ಹೇಳಿದೆ.

"ಕೇಳ್ದ್ಯಾ? ಈಗಂತೂ ಖಂಡಿತ ಬೇಡ. ಮೇ ತನಕ ಆರ್ವೋ ಪಕ್ಕ ಮಲಗೋಕೆ ನನ್ ಕೈಲಾಗಲ್ಲ. ಸತ್ಮೇಲೂ ಮೂಗಲ್ಲೇ ಹಾಡ್ತಿರ್ತಾನೆ."

ನಕ್ಕಳು. ನಕ್ಕರೆ ಪಕ್ಕೆ ನೋಯುತ್ತದೆ.

ಗುಡ್ಡಕ್ಕೆ ಹೋಗಿ ದಾರಿ ತೆರೆದೆ. ದಾರಿಯಿಂದ ಒಳಕ್ಕೆ ಅವಳ ಜಾಗವನ್ನೂ. ಬ್ಲೇಡಿನ ಪಾದಗಳನ್ನು ಒಂದು ಕೂದಲಿನಷ್ಟು ಏರಿಸಿದೆ. ಒಂದೇ ಎಳೆತ. ಹುಲ್ಲು ಕಾಣಿಸಿತು, ಒಂದು ಎಸಳೂ ಕಿತ್ತುಬರಲಿಲ್ಲ. ಇಂಥ ಕೆಲಸ ಈ ಕೌಂಟಿಯಲ್ಲಿ ಇನ್ನೊಬ್ಬ ಮಾಡಲಿ ನೋಡೋಣ.

ಡಿಸೆಂಬರ್ 24

ಕ್ರಿಸ್‌ಮಸ್ ಸಂಜೆ. ಪ್ರತಿ ವರ್ಷದಂತೆ ಜನ ಹಿರಿಯರ ಸಮಾಧಿ ಕಲ್ಲುಗಳ ಮುಂದೆ ಮೇಣದಬತ್ತಿ ಹಚ್ಚಲು ಬಂದರು. ಈ ಸಲ ಸೊಂಟದಷ್ಟು ಹಿಮ ಬಗೆಯಬೇಕಾಗಲಿಲ್ಲ, ನನ್ನ ದಾರಿಯಿತ್ತು. ಎಲ್ಲ ಕಡೆ ಬಿಳಿ ಗುಡ್ಡೆ, ನಡುವೆ ಸೈಮಾಳ ಜಾಗ ಮಾತ್ರ ಹುಲ್ಲು. ಪ್ರತಿ ಹಿಮಕ್ಕೂ ತೆಗೆದಿದ್ದೇನೆ, ಒಂದು ದಿನ ಬಿಟ್ಟಿಲ್ಲ.

"ಡ್ರಾಯಿಂಗ್ ರೂಮ್ ಥರ ಇದೆ," ಅಂದಳು ಪಾಸ್ಟರ್.

ಡ್ರಾಯಿಂಗ್ ರೂಮಂತೆ. ಆದರೂ ಕೇಳಲು ಹಿತವಾಯಿತು, ಸುಳ್ಳು ಯಾಕೆ ಹೇಳಲಿ.

ಮೆಲ್ವಿನ್ ನೋಡುತ್ತ ನಿಂತಿದ್ದ. ಏನೋ ಹೇಳಲು ಬಾಯಿ ತೆರೆದ. "ನಿನ್ನ ಪುಸ್ತಕದಲ್ಲಿ ಇದಿಲ್ಲ ಕಣೋ," ಅಂದೆ. ಮುಚ್ಚಿಕೊಂಡ.

ಡಾಕ್ಟರು ಹೇಳಿದ ಕ್ರಿಸ್‌ಮಸ್ ಬಂತು. ಸೈಮಾ ಇದ್ದಾಳೆ. ನೀಸು ಬ್ರೆಡ್ಡನ್ನು ಕಾಫಿಯಲ್ಲಿ ಅದ್ದಿ ಒಂದು ಚೂರು ತಿಂದಳು. ಏಲಕ್ಕಿ ಕಮ್ಮಿ ಅಂದಳು. ಡಾಕ್ಟರಿಗೆ ಏನು ಗೊತ್ತು, ಮಣ್ಣು.

ಜನವರಿ 17, ಶನಿವಾರ

ಜಾಗದ ಮೂಲೆಗೆ ಗುರುತಿನ ಕೋಲು ನೆಡೋಣ ಅಂತ ಹಾರೆ ತೆಗೆದುಕೊಂಡು ಹೋದೆ.

ಹಾಕಿದೆ. ಠಣ್.

ಇನ್ನೊಂದು ಮೂಲೆ. ಠಣ್. ನಡುವೆ. ಠಣ್. ಹಾರೆ ಕೈಯಿಂದ ಹಾರಿತು.

ಪಕ್ಕಕ್ಕೆ ಹೋದೆ, ಅವಳ ಅಪ್ಪ ಅಮ್ಮನ ಕಡೆಗೆ. ಎದೆಮಟ್ಟ ಹಿಮ ತೆಗೆದು ಹಾರೆ ಹಾಕಿದೆ. ಬೆಣ್ಣೆಗೆ ಚಾಕು ಹಾಕಿದ ಹಾಗೆ ಇಳಿಯಿತು.

ಟ್ರ್ಯಾಕ್ಟರ್ ಮೇಲೆ ಹತ್ತಿ ಸುಮ್ಮನೆ ಕೂತೆ. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಾನಿಯಲ್ಲಿ ಬಿತ್ತಂತೆ. ಕಂಬಳಿ ಕಿತ್ತೆ. ನಾನೇ ಕಿತ್ತೆ. ಪ್ರತಿ ಹಿಮಕ್ಕೂ, ಹುಲ್ಲು ಕಾಣುವ ಹಾಗೆ…

ಜನವರಿ 18

ಬರೆಯುವಂಥದ್ದು ಏನೂ ಇಲ್ಲ.

ಜನವರಿ 22

ಹಿಮವನ್ನು ವಾಪಸು ತಳ್ಳಿದೆ. ಒಂದೂವರೆ ತಿಂಗಳು ಹೊರಗೆ ತಳ್ಳಿದ್ದನ್ನು ಅದೇ ಬ್ಲೇಡಿನಿಂದ ಒಳಗೆ. ಹೊರಗೆ ತಳ್ಳುವುದು ಸುಲಭ. ಬಿದ್ದ ಹಿಮ ಗಟ್ಟಿಯಾಗಿ ಕಲ್ಲಾಗಿದೆ, ಬ್ಲೇಡು ಮಡಚಿ ಮಡಚಿ ಹಾರುತ್ತದೆ.

ಮೆಲ್ವಿನ್ ಬಂದ. ಬರದೇ ಇರುತ್ತಾನೆಯೇ.

"ಏನೋ ಇದು? ತೆಗ್ದಿದ್ದೂ ನೀನೇ, ಹಾಕ್ತಿರೋದೂ ನೀನೇ?"

ಹಾರೆ ಟ್ರ್ಯಾಕ್ಟರಿಗೆ ಒರಗಿತ್ತು. ಅವನು ಹಾರೆ ನೋಡಿದ, ಜಾಗ ನೋಡಿದ, ನನ್ನ ಮುಖ ನೋಡಿದ.

"ಓ," ಅಂದ. "ನನ್ ಪೈಪು."

ನಗಲಿ ಅಂತ ಕಾದೆ. ನಗಬೇಕಿತ್ತು. ನಾನಾಗಿದ್ದರೆ ಸಾಯುವ ತನಕ ಸೌನಾದಲ್ಲಿ ಹೇಳಿ ನಗುತ್ತಿದ್ದೆ. ಅವನು ನಗಲೇ ಇಲ್ಲ. ಅದಕ್ಕೆ ಅವನನ್ನು ನಾನು ಕ್ಷಮಿಸುವುದಿಲ್ಲ.

"ಕ್ರಿಸ್‌ಮಸ್ ದಿನಾನೇ ಹೇಳೋಣ ಅಂದ್ಕೊಂಡೆ. ನಿಂಗೆ ಗೊತ್ತಿರುತ್ತೆ ಅಂತ ಸುಮ್ನಾದೆ."

ಇದ್ದಿಲು ಸುರಿದು, ಅರ್ಧ ಸೀಳಿದ ಡ್ರಮ್ ಕವುಚಿ ನೆಲ ಕಾಯಿಸೋಣ ಅಂದೆ. ಹಳೆಯ ಕಲ್ಲುಗಳಿಗೆ ಮಸಿ ಹಿಡಿಯುತ್ತದೆ, ಕಮಿಟಿ ಒಪ್ಪಲ್ಲ ಅಂದ. ಡ್ರಿಲ್? ಕಲ್ಲುಗಳು ವಾಲುತ್ತವೆ. ಕಮಿಟಿ ಅಂದರೆ ಅವನೇ ತಾನೆ! ಆದರೆ ಅವನ ಮಾತು ಸರಿ. ವಾಲುವ ಮೊದಲ ಕಲ್ಲು ಸೈಮಾಳ ಅಪ್ಪನದು.

ಜನವರಿ 23

ಮೆಲ್ವಿನ್ ಅಣ್ಣನ ಮಗನ ಕೊಟ್ಟಿಗೆಯಿಂದ ಹುಲ್ಲಿನ ಪಿಂಡಿ ತಂದ. ಮುಗ್ಗಲು ಹುಲ್ಲು. ಇಲಿ ಗೂಡು ಬೇರೆ. ನಿನ್ನೆ ತಳ್ಳಿದ ಹಿಮವನ್ನೆಲ್ಲ ಮತ್ತೆ ಎಳೆದು, ನೆಲದ ಮೇಲೆ ಹುಲ್ಲು ಹಾಸಿ, ಮೇಲೆ ಟಾರ್ಪಾಲು, ಅದರ ಮೇಲೆ ಹಿಮ ಒಟ್ಟಿದೆವು. ಮೊದಲೇ ತಂದಿದ್ದರೆ ಒಂದು ದಿನ ಉಳಿಯುತ್ತಿತ್ತು. ಹೇಳಿದೆ ಕೂಡ. ಸುಮ್ಮನೆ ಒಟ್ಟುತ್ತಲೇ ಇದ್ದ.

ಇನ್ನು ನೆಲ ಕೆಳಗಿನಿಂದ ಬಿಸಿಯಾಗಿ ತಾನೇ ಕರಗಬೇಕು. ಮೇಲಿನಿಂದ ಏನೂ ಗೊತ್ತಾಗುವುದಿಲ್ಲ. ಮಾರ್ಚ್ ಆಗುತ್ತದೆ. ಸೈಮಾ ಮಾರ್ಚ್ ತನಕ ಇರಬೇಕು.

ಫೆಬ್ರವರಿ 10

ಎರಡು ದಿನದಿಂದ ಊಟ ಬೇಡ ಅನ್ನುತ್ತಾಳೆ. ಸಾಕು ಅನ್ನುತ್ತಾಳೆ. ನಿನ್ನೆ ಮನೆಗೆ ಬರುವ ನರ್ಸಮ್ಮ ಬಾಗಿಲ ಬಳಿ ನನ್ನ ತೋಳು ಹಿಡಿದು, "ಹೋಗೋಕೆ ಬಿಡಿ ಅವ್ರನ್ನ, ನಿಮ್ಮ ಅಪ್ಪಣೆಗೆ ಕಾಯ್ತಿದ್ದಾರೆ," ಅಂದಳು. ನರ್ಸಿಂಗ್ ಶಾಲೆಯಲ್ಲಿ ಕಲಿಸಿದ ಗಿಣಿಪಾಠ. ಅಪ್ಪಣೆ ಕೇಳುವವಳಂತೆ ಸೈಮಾ! ಐವತ್ತೆರಡು ವರ್ಷದಲ್ಲಿ ಒಂದು ಸಲ ಕೇಳಿಲ್ಲ.

ಮೊಸರು ಹಿಡಿದು ಕೂತೆ. ಒಂದು ಚಮಚ. ಇನ್ನೊಂದು. ಬೇಡಿಕೊಂಡೆ.

"ಏನಾಗಿದೆ ನಿಂಗೆ? ಚಮಚ ಹಿಡ್ಕೊಂಡು ಬೇಡ್ತಿದೀಯ." ಆಮೇಲೆ ಮೂಗು ಅರಳಿಸಿದಳು. "ಕೋಟಲ್ಲಿ ಹುಲ್ಲಿನ ವಾಸ್ನೆ. ಫೆಬ್ರವರೀಲಿ ಎಲ್ಲಿಂದ ಬಂತು ಹುಲ್ಲು?"

ರೈತನ ಮಗಳು. ಕಿಟಕಿಯಾಚೆ ಗುಡ್ಡ ನೋಡಿದಳು, ನನ್ನನ್ನು ನೋಡಿದಳು.

"ಬೋಳಿಸಿಬಿಟ್ಯಾ? ಮೆಲ್ವಿನ್ ಅಂಗಳದ ಥರ?"

ಹೂಂ ಅಂದೆ.

ನಕ್ಕಳು. ಕೆಮ್ಮು ಬರುವ ತನಕ ನಕ್ಕಳು. ಕಣ್ಣಲ್ಲಿ ನೀರು. ಎಷ್ಟು ತಿಂಗಳಾಗಿತ್ತು ಹಾಗೆ ನಕ್ಕು.

"ಎಷ್ಟು ದಿನ ಬೇಕು ನೆಲಕ್ಕೆ?"

"ಮಾರ್ಚ್."

"ತಾ ಇಲ್ಲಿ ಆ ಚಮಚ. ನಿಂಗೋಸ್ಕರ ಅಲ್ಲ, ತಿಳ್ಕೋ. ಆರ್ವೋ ಕಾಟ ತಪ್ಪಲಿ ಅಂತ."

ಫೆಬ್ರವರಿ 26

ಹಾರೆಯ ಬಗ್ಗೆ ದಿನವೂ ಸಂಜೆ ಒಂದೇ ಪ್ರಶ್ನೆ. "ಇಳೀತಾ?" ಇಲ್ಲ ಅನ್ನುತ್ತೇನೆ. "ಹಾಗಾದ್ರೆ ಮೊಸರು ತಾ," ಅನ್ನುತ್ತಾಳೆ. ಔಷಧಿಯಂತೆ ನುಂಗುತ್ತಾಳೆ. ತೋಳು ಕಡ್ಡಿಯಾಗಿದೆ. ರಾತ್ರಿ ನೋವಿಗೆ ಹಲ್ಲು ಕಚ್ಚುವುದು ನನಗೆ ಕೇಳಿಸುತ್ತದೆ, ಕೇಳಿಸಲಿಲ್ಲ ಅನ್ನುವ ಹಾಗೆ ಮಲಗಿರುತ್ತೇನೆ.

ಪಾಸ್ಟರ್ ಬಂದು, ಕಲ್ಲುಕೋಣೆ ಆದರೇನು, ಮಣ್ಣಾದರೇನು, ದೇವರಿಗೆ ಎರಡೂ ಒಂದೇ ಅಂದಳು.

"ದೇವ್ರು ಆರ್ವೋ ಪಕ್ಕ ಮಲಗಲ್ವಲ್ಲ," ಅಂದಳು ಸೈಮಾ. ಪಾಸ್ಟರ್ ಕಾಫಿ ಪೂರ್ತಿ ಕುಡಿಯದೆ ಎದ್ದಳು.

ಮಾರ್ಚ್ 8

ಹಾರೆಯ ಸದ್ದು ಬದಲಾಗಿದೆ. ಠಣ್ ಅಲ್ಲ, ಢಬ್. ಕೆಳಗೆ ಟೊಳ್ಳಾದ ಹಾಗೆ. ಮೆಲ್ವಿನ್ ಮಂಡಿಯೂರಿ ಕಿವಿ ಇಟ್ಟು ಕೇಳಿದ, ದೊಡ್ಡ ಡಾಕ್ಟರು.

"ಇನ್ನೊಂದ್ ಸ್ವಲ್ಪ ದಿನ ಕಣೋ."

ಸೈಮಾ ಕಣ್ಣು ತೆರೆಯುವುದೇ ಸಂಜೆಗೆ. ಪ್ರಶ್ನೆ ಕೇಳಲು.

ಮಾರ್ಚ್ 11, ಬುಧವಾರ

ಇಳಿಯಿತು.

ಒಂದೇ ಏಟಿಗೆ, ಮಾಂಸದ ಪ್ಯಾಸ್ಟಿ ಕಡುಬಿನ ಮೇಲಿನ ಗಟ್ಟಿ ಹಿಟ್ಟು ಒಡೆದ ಹಾಗೆ. ಹಿಡಿಯ ತನಕ ಹೋಯಿತು. ನಾಲ್ಕೂ ಮೂಲೆ ಹಾಕಿ ನೋಡಿದೆ. ಎಲ್ಲ ಮೆತ್ತಗೆ. ಮೆಲ್ವಿನ್ ಟೋಪಿ ತೆಗೆದು ನಿಂತ. ಪೆದ್ದ, ಇನ್ನೂ ಯಾರು ಸತ್ತಿದ್ದಾರೆ? ಮೇಲೆ ಹುಲ್ಲು ಮತ್ತೆ ಹಾಸಿದೆ. ಹಿಮ ಎಳೆದೆ. ದಾರಿಯನ್ನು ಇನ್ನೊಂದು ಸಲ ಕೆರೆದೆ. ಮಾಡುವ ಕೆಲಸವೆಲ್ಲ ಮುಗಿಯಿತು. ಆಮೇಲೂ ಟ್ರ್ಯಾಕ್ಟರ್ ಆರಿಸದೆ ಕೂತಿದ್ದೆ.

ಮನೆಗೆ ಬಂದೆ. ಕಣ್ಣು ತೆರೆದಳು.

"ಇಳೀತಾ?"

ಇಳಿಯಿತು ಅಂದರೆ ಮೊಸರು ಕೇಳುವುದಿಲ್ಲ. ಅದು ನನಗೆ ಗೊತ್ತು.

"ಇಲ್ಲ," ಅಂದೆ. "ಕಲ್ಲಿನ ಹಾಗಿದೆ."

ಕೈಗವಸು ತೆಗೆದಿರಲಿಲ್ಲ. ಅಂಗೈ ತುಂಬ ಹಸಿ ಕಪ್ಪು ಮಣ್ಣು. ನೋಡಿದಳು. ನನ್ನಂಥ ಮೂರ್ಖನನ್ನು ಕಟ್ಟಿಕೊಂಡವಳು, ಸುಳ್ಳನ್ನಾದರೂ ನೆಟ್ಟಗೆ ಹೇಳಬಾರದೇ ಅನ್ನುವ ನೋಟ.

"ಸರಿ," ಅಂದಳು. "ನಾಳೆ ನೋಡು. ಈಗ ಮೊಸರು ತಾ."

ಬಟ್ಟಲು ಬಿಸಿನೀರಲ್ಲಿ ತೊಳೆದು, ಚಮಚ ಹುಡುಕಿ, ಅವಳಿಗೆ ಮೊಸರು ತಂದೆ.