ದೀಪ ಹಚ್ಚದ ಮನೆ

ಆಲಸನತ್ತಂ, ಹೊಸೂರು
14-10-1983, ಶುಕ್ರವಾರ ಮಧ್ಯಾಹ್ನ

ಪ್ರೀತಿಯ ಯಜಮಾನರಿಗೆ ನಿಮ್ಮ ಮುನಿಗಂಗಳ ನಮಸ್ಕಾರಗಳು.

ನಿಮ್ಮ ಕೆಮ್ಮು ಹೇಗಿದೆ? ಮದರಾಸಿನ ನೀರು ಒಗ್ಗಿತೇ? ತರಬೇತಿಯಲ್ಲಿ ಮೆಷಿನ್ನಿನ ಹತ್ತಿರ ಕೈ ಜೋಪಾನ. ನಾವಿಬ್ಬರೂ ಚೆನ್ನಾಗಿದ್ದೇವೆ. ಪುಟ್ಟಿ ಈಗ ಗೋಡೆ ಹಿಡಿದು ನಡೆಯುತ್ತಾಳೆ. ನಿಮ್ಮ ಫೋಟೋ ತೋರಿಸಿದರೆ ಅಪ್ಪ ಅನ್ನುತ್ತಾಳೆ. ಪಕ್ಕದ ಕ್ಯಾಲೆಂಡರಿನ ಮುರುಗನಿಗೂ ಹಾಗೇ ಅನ್ನುತ್ತಾಳೆ, ಆದ್ದರಿಂದ ಬಹಳ ಹಿಗ್ಗಬೇಡಿ.

ಒಂದು ಸಂಗತಿ ಬರೆಯುತ್ತೇನೆ, ಪೂರ್ತಿ ಓದಿದ ಮೇಲೆ ಬಯ್ಯಿರಿ. ದೀಪಾವಳಿ ಮುಗಿಯುವ ತನಕ ಮನೆಯಲ್ಲೇ ಕೂತು ಮಾಡುವ ಕೆಲಸವೊಂದನ್ನು ಹಿಡಿದಿದ್ದೇನೆ. ಪಟಾಕಿ ಮೇಸ್ತ್ರಿ ವೆಂಕಟಸ್ವಾಮಿ ಸಾಮಾನು ತಂದು ಹಾಕುತ್ತಾರೆ. ಮೊದಮೊದಲು ಕಾಗದದ ಕೊಳವೆ ಸುತ್ತುವುದಷ್ಟೇ ಇತ್ತು. ಈಗ ಮದ್ದು ತುಂಬುವುದು, ಬತ್ತಿ ಹೆಣೆಯುವುದು ಎಲ್ಲ ನಾನೇ. ಪುಟ್ಟಿ ಹುಟ್ಟಿದಾಗಿನಿಂದ ನಾನು ಮಾಡಿದ್ದೆಲ್ಲ ಸಂಜೆಯೊಳಗೆ ಕರಗಿಹೋಗುತ್ತಿತ್ತು. ಬೇಯಿಸಿದ್ದು ಉಂಡು ಮುಗಿಯುತ್ತದೆ, ಒಗೆದದ್ದು ಮತ್ತೆ ಕೊಳೆಯಾಗುತ್ತದೆ. ಈ ಸರಪಟಾಕಿ ಮಾತ್ರ ಬೆಳಿಗ್ಗೆ ಹೆಣೆದದ್ದು ಸಂಜೆಗೂ ಹಾಗೇ ಬಿಗಿಯಾಗಿ ಇರುತ್ತದೆ. ಅದನ್ನು ನೋಡುತ್ತಾ ಕೂತರೆ ಹೊಟ್ಟೆ ತುಂಬುತ್ತದೆ. "ನಿನ್ ಕೈ ಬಿದ್ರೆ ಒಂದೂ ಠುಸ್ ಅನ್ನಾಕಿಲ್ಲ ಕಣಮ್ಮ" ಎಂದು ಮೇಸ್ತ್ರಿ ಹೇಳಿದ್ದನ್ನು ಎರಡು ದಿನ ಮೆಲುಕು ಹಾಕಿದೆ. ನೀವು ನನ್ನ ಸಾರಿಗೂ ಹೀಗೆ ಹೇಳಿಲ್ಲ.

ಭಯವಿಲ್ಲ ಅಂದರೆ ಸುಳ್ಳಾದೀತು. ಬೇರೆ ಜಾಗವಿಲ್ಲದೆ ಮದ್ದಿನ ಚೀಲಗಳನ್ನು ದೇವರ ಗೂಡಿನ ಕೆಳಗೇ ಇಟ್ಟಿದ್ದೇನೆ. ತೊಟ್ಟಿಲಿಗೂ ಅದಕ್ಕೂ ನಡುವೆ ನಾನು ಕೂರುವಷ್ಟೇ ಜಾಗ. ಪುಟ್ಟಿಯ ತಲೆಗೂದಲಲ್ಲಿ ಬೆಳ್ಳಿ ಬಣ್ಣದ ಪುಡಿ ಮಿನುಗುತ್ತದೆ, ಎರಡು ನೀರು ಹಾಕಿದರೂ ಹೋಗುವುದಿಲ್ಲ. ಅಡುಗೆಯನ್ನು ಪಕ್ಕದ ಮನೆ ಮಂಗಮ್ಮನವರ ಹಿತ್ತಿಲಲ್ಲಿ ಮಾಡಿಕೊಳ್ಳುತ್ತೇನೆ. ಬೆಂಕಿಪೆಟ್ಟಿಗೆಯನ್ನು ಹೊಸ್ತಿಲು ದಾಟಿಸಿ ಒಳಗೆ ತರುವುದಿಲ್ಲ. ದೇವರ ಗೂಡಿನ ಸಂಜೆ ದೀಪವನ್ನೂ ನಿಲ್ಲಿಸಿದ್ದೇನೆ. "ಸೆರಗ್ನಾಗೆ ಕೆಂಡ ಕಟ್ಕಂಡು ಕುಂತಿದ್ದೀಯ" ಎಂದು ಮಂಗಮ್ಮ ದಿನವೂ ಒಂದು ಸಲ ಅನ್ನುತ್ತಾರೆ.

ಅತ್ತೆಯವರಿಗೆ ಈ ಕೆಲಸದ ವಿಷಯ ಗೊತ್ತಿಲ್ಲ. ಗೊತ್ತಾದರೆ ಅಂದೇ ಬಿಡಿಸುತ್ತಾರೆ. ಮಂಗಮ್ಮನವರ ಬಾಯಿಗೂ ಪುಟ್ಟಿಯ ಮೇಲೆ ಆಣೆ ಹಾಕಿಸಿ ಬೀಗ ಹಾಕಿದ್ದೇನೆ. ಮೊನ್ನೆ ಬಾಗಲೂರಿನಿಂದ ಅತ್ತೆ ಹೇಳಿ ಕಳಿಸಿದ್ದರು: "ನವರಾತ್ರಿಯಾಗೆ ಮನೆ ಕತ್ತಲಾಗೈತಂತೆ, ಯಾಕೆ?" ಏನು ಹೇಳಲಿ? ನಾನು ಹೊರಗಾಗಿದ್ದೇನೆ, ದೀಪ ಮುಟ್ಟುವ ಹಾಗಿಲ್ಲ ಎಂದು ಹೇಳಿ ಕಳಿಸಿದೆ. ಮೈಲಿಗೆ ಅಂದರೆ ಯಾರೂ ಮರುಮಾತು ಆಡುವುದಿಲ್ಲವಲ್ಲ. ನನ್ನ ಜಾಣತನಕ್ಕೆ ನಾನೇ ನಕ್ಕೆ. ದೀಪಾವಳಿ ಕಳೆದ ಮೇಲೆ ಮನೆ ಗುಡಿಸಿ ಸಾರಿಸಿ, ಎರಡು ದೀಪ ಹಚ್ಚಿ ತಪ್ಪು ಒಪ್ಪಿಕೊಳ್ಳುತ್ತೇನೆ.

ಪುಟ್ಟಿ ಮಲಗಿದ್ದಾಳೆ. ಮಂಗಮ್ಮನವರನ್ನು ತೊಟ್ಟಿಲ ಹತ್ತಿರ ಕೂರಿಸಿ, ಪೇಟೆಯಲ್ಲಿ ದಾರದುಂಡೆ ತಂದು, ಇದನ್ನು ಅಂಚೆಗೆ ಹಾಕಿ ಬರುತ್ತೇನೆ. ಹೊತ್ತು ಹೊತ್ತಿಗೆ ಊಟ ಮಾಡಿ. ನಿಮ್ಮ ರೂಮಿನವರಿಗೂ ನನ್ನ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ
ಮುನಿಗಂಗ

ವಿ.ಸೂ.: ಅಂಚೆ ಕಚೇರಿ ಮುಂದೆ ನಿಂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ. ಹೂವು ಮಾರುವ ಬೈರಮ್ಮ ಈಗ ಹೇಳಿದಳು, "ನಿಮ್ಮತ್ತೆ ಬಸ್ಸಿಳಿದು ಆಗ್ಲೇ ಹೂವ ತಕಂಡು ಹೋದ್ರಲ್ಲಮ್ಮ, ಕೈಯಾಗೆ ಎಣ್ಣೆ ಗಿಂಡಿ ಇತ್ತು. ಸೊಸೆ ಮುಟ್ಟಂಗಿಲ್ಲ, ಶುಕ್ರವಾರ ನಾನೇ ದೀಪ ಹಚ್ತೀನಿ ಅಂದ್ರು." ಅತ್ತೆ ಬಂದರೆ ಮಂಗಮ್ಮ ಪುಟ್ಟಿಯನ್ನು ಅವರಿಗೆ ಒಪ್ಪಿಸಿ ಎದ್ದು ಹೋಗುತ್ತಾರೆ, ಮದ್ದಿನ ವಿಷಯ ಬಾಯಿ ಬಿಡುವುದಿಲ್ಲ. ಆಣೆ ಹಾಕಿಸಿದವಳು ನಾನೇ. ಹೊತ್ತು ಮುಳುಗುತ್ತಿದೆ. ಜಟಕಾದವನು ಗಾಡಿಗೆ ಕುದುರೆ ಕಟ್ಟುವಷ್ಟರಲ್ಲಿ ಇಷ್ಟು ಬರೆದೆ. ನಿಮ್ಮ ತಾಯಿಗೆ ಏನೂ ಗೊತ್ತಿರಲಿಲ್ಲ ರೀ. ಏನೇ ಆದರೂ ಅವರನ್ನು ಒಂದು ಮಾತು ಅನ್ನಬೇಡಿ.