ಕೆಂಪು ಬೆಳಕು, ಸ್ಟೀಲ್ ಡಬ್ಬಿ

ಅಕ್ಕಾ,

ಪೂರ್ತಿ ಓದುವವರೆಗೆ ಬಯ್ಯಬೇಡ. ಎದುರಿಗೆ ಹೇಳಿದರೆ "ಹೋಗೇ, ದೊಡ್ಡ ಡಾಕ್ಟರ್ ಬಂದ್ಲು" ಎಂದು ನಗಿಸಿ ಮಾತು ಹಾರಿಸುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಹಾಸ್ಟೆಲ್ ಅಡುಗೆಮನೆಯಲ್ಲಿ ಕುದಿಯುವ ಬೇಳೆ ನಿನ್ನ ಬಲಪಾದದ ಮೇಲೆ ಚೆಲ್ಲಿದಾಗ ನಾನು ಅಷ್ಟು ಹೆದರಿರಲಿಲ್ಲ. ಮಾಗದ ಗಾಯಗಳು ಕೂಡಿಕೊಳ್ಳಲೆಂದು ಅವುಗಳ ಮೇಲೆ ಕೆಂಪು ಬೆಳಕು ಬಿಡುವುದೇ ಆಸ್ಪತ್ರೆಯಲ್ಲಿ ನನ್ನ ಕೆಲಸ. ಊರವರ ಗಾಯ ನೋಡಿದವಳಿಗೆ ಒಡಹುಟ್ಟಿದವಳದ್ದು ಯಾವ ಮಹಾ ಎಂದುಕೊಂಡೆ. ವಾರಕ್ಕೊಮ್ಮೆ ಗಾಯದ ಮೇಲೆ ಪಾರದರ್ಶಕ ಹಾಳೆಯಿಟ್ಟು ಅಂಚಿನ ಗೆರೆ ಎಳೆಯುತ್ತೇನಲ್ಲ, ಹಳೆಯದರ ಮೇಲೆ ಹೊಸದನ್ನಿಟ್ಟರೆ ಗೆರೆ ಒಳಗೆ ಸರಿದಿರಬೇಕು. ನಿನ್ನದು ಸರಿಯಲಿಲ್ಲ. ದೀಪ ಬದಲಿಸಿದೆ. ನನ್ನ ಕೈಯನ್ನೇ ಅನುಮಾನಿಸಿದೆ. ಮೊನ್ನೆ ಗೆರೆ ಹೊರಗೆ ಹೋಗಿತ್ತು.

ಸರ್ಜನ್ ನಿನ್ನನ್ನು ಆಚೆ ಕೂರಿಸಿ ನನಗೆ ಹೇಳಿದ್ದು ಇದು: "ರಕ್ತಪರೀಕ್ಷೆ ನೋಡಿದ್ರಾ? ಮೈಯಲ್ಲಿ ಸತ್ವವೇ ಇಲ್ಲ. ಬರೀ ಬೆಳಕು ಏನ್ಮಾಡುತ್ತೆ? ಚರ್ಮ ಕಟ್ಟೋಕೆ ಸಾಮಾನು ಬೇಡ್ವಾ? ಎರಡು ವಾರ ನೋಡ್ತೀನಿ. ಕೀವು ಮೂಳೆಗಿಳಿದ್ರೆ ಪಾದ ಉಳಿಸೋದು ಕಷ್ಟ."

ಇಡೀ ಹಾಸ್ಟೆಲಿಗೆ ಬೇಯಿಸಿ ಹಾಕುವವಳಿಗೆ ಊಟಕ್ಕೆ ಬರವೇ? ನಂಬಲಾಗದೆ ಅಲ್ಲಿಗೇ ಹೋದೆ. ದಿನಾ ಅಷ್ಟೊಂದು ಮಿಗುತ್ತದಲ್ಲ, ಅಕ್ಕ ಉಣ್ಣುವುದಿಲ್ಲವೇ ಎಂದು ವಾರ್ಡನ್ ಅಮ್ಮನನ್ನು ಕೇಳಿದೆ. ಅವರು ನನ್ನ ಮುಖವನ್ನೇ ನೋಡಿದರು. "ಇಲ್ಲೆಲ್ಲಿ ಮಿಗುತ್ತಮ್ಮಾ? ತಳ ಕೆರೆದ್ರೂ ಹಿಡಿ ಅನ್ನ ಸಿಗಲ್ಲ. ಅವರು ಡಬ್ಬಿಗೆ ಹಾಕ್ಕೊಂಡು ಹೋಗೋದು ಅವರ ಪಾಲಿನ ಊಟ. ಮನೇಲಿ ಕೂತು ತಿಂತೀನಿ ಅಂತಾರೆ."

ಆ ಡಬ್ಬಿ ದಿನಾ ಸಂಜೆ ಬರುವುದು ನನ್ನ ಮನೆಗೆ, ಅಕ್ಕಾ. ನಮ್ಮವರ ಕೆಲಸ ಹೋದಾಗಿನಿಂದ ಒಂದು ದಿನವೂ ತಪ್ಪಿಲ್ಲ. "ಮಿಕ್ಕಿತ್ತು ಕಣೇ, ಚೆಲ್ಲೋಕೆ ಮನಸ್ಸು ಬರಲಿಲ್ಲ" ಎನ್ನುತ್ತೀಯ. ಮೊಟ್ಟೆ ಮಗಳಿಗೆ, ಕಾಳು ನಮಗೆ. ಉಪ್ಪು ಕಡಿಮೆ ಎಂದು ನಾನು ಕೊಂಕು ಬೇರೆ ತೆಗೆದಿದ್ದೇನೆ. ಹಗಲು ನಿನ್ನ ಪಾದಕ್ಕೆ ಬೆಳಕು ಹಿಡಿದು, ಸಂಜೆ ಆ ಪಾದಕ್ಕೆ ಬರಬೇಕಾದ ಚರ್ಮವನ್ನು ನಾವೇ ಕೂತು ಉಂಡೆವು.

ಅಮ್ಮ ಹೋದ ಮೇಲೆ ನೀನು ನಮಗೆಲ್ಲ ಬಡಿಸಿ "ನಂದಾಯ್ತು, ನೀವು ತಿನ್ನಿ" ಎನ್ನುತ್ತಿದ್ದೆ. ಆಗ ನಾನು ನಂಬಿದೆ, ಚಿಕ್ಕವಳು. ಈಗ ಮೈಯೆಲ್ಲ ಉರಿಯುತ್ತಿದೆ. ನನ್ನನ್ನು ಒಂದು ಮಾತು ಕೇಳಬಾರದಿತ್ತೇ? ಕೋಪಕ್ಕಿಂತ ಭಯವೇ ಹೆಚ್ಚು. ನೀನು ಕುಂಟುತ್ತಾ ಗೇಟು ದಾಟುವ ಸದ್ದಿಗೆ ಕೈಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಓಡುತ್ತೇನೆ.

ಇಂದಿನಿಂದ ಡಬ್ಬಿಯ ದಾರಿ ತಿರುಗಿದೆ. ಈ ಕಾಗದದ ಜೊತೆ ಬಂದ ಡಬ್ಬಿಯಲ್ಲಿರುವುದು ಮಿಕ್ಕಿದ್ದಲ್ಲ, ನಿನಗೆಂದೇ ಬೇಯಿಸಿದ್ದು. ಅದನ್ನು ತಂದ ನನ್ನ ಮಗಳು ನಿನ್ನೆದುರಿಗೇ ಕೂತಿರುತ್ತಾಳೆ. ದೊಡ್ಡಮ್ಮ ಉಂಡು ಮುಗಿಸುವವರೆಗೆ ತಾನೂ ಏನೂ ಮುಟ್ಟುವುದಿಲ್ಲವಂತೆ. ನಿನ್ನ ಹಠವೇ ಬಂದಿದೆ ಅವಳಿಗೆ, ಆದ್ದರಿಂದ "ನಂದಾಯ್ತು" ಎನ್ನುವ ಆಟ ನಡೆಯುವುದಿಲ್ಲ.

ನಾಳೆ ಬೆಳಕಿನ ಕೋಣೆಗೆ ಬಾ. ಹೊಸ ಹಾಳೆ ತೆಗೆದಿಟ್ಟಿದ್ದೇನೆ. ಎರಡು ವಾರದಲ್ಲಿ ಗೆರೆ ಒಳಗೆ ಸರಿಯುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ನೀನು ಉಣ್ಣು.

ನಿನ್ನ ಪಾದಗಳಿಗೆ ನಮಸ್ಕಾರ. ಎರಡಕ್ಕೂ.

ನಿನ್ನ ಪಾಲು ಉಂಡು ಬೆಳೆದ
ತಂಗಿ