ಇನ್ನೊಂದು ಚಪ್ಪಲಿ ಎಲ್ಲಿ?

ಭಾನುವಾರ, ೧೪ನೇ ತಾರೀಖು
ಮಧ್ಯಾಹ್ನ ಮೂರು ಗಂಟೆ

ಅಕ್ಕನಿಗೆ,

ಮೇಲೆ ‘ಪ್ರೀತಿಯ’ ಎಂದು ಬರೆದು ಹೊಡೆದು ಹಾಕಿದ್ದೇನೆ. ಕಾಣಿಸಿದರೆ ಕಾಣಿಸಲಿ. ಏಳು ವರ್ಷದ ಮೇಲೆ ಪತ್ರ ಬಂತು, ಇವಳ ಸಿಟ್ಟು ಇಳಿಯಿತು ಎಂದು ಹಿಗ್ಗಬೇಡ. ರಾಜಿಗೆ ಬರೆಯುತ್ತಿಲ್ಲ, ಜಗಳಕ್ಕೇ ಬರೆಯುತ್ತಿದ್ದೇನೆ. ಹಳೆಯ ಜಗಳ ಹಾಗೇ ಇದೆ, ಅದರ ಮೇಲೆ ಹೊಸದೊಂದು ಸಿಕ್ಕಿದೆ. ಫೋನಿನಲ್ಲಿ ಬೈಯೋಣವೆಂದರೆ ನೀನು ಹೂಂ ಹೂಂ ಎನ್ನುತ್ತಲೇ ನನ್ನನ್ನು ಅಳಿಸಿಬಿಡುತ್ತೀಯ. ಪತ್ರವಾದರೆ ನಡುವೆ ಬಾಯಿ ಹಾಕುವ ಹಾಗಿಲ್ಲ, ಕೂತು ಪೂರ್ತಿ ಓದಲೇಬೇಕು. ಅಕ್ಷರ ಗುಂಡಿಯಷ್ಟು ಗುಂಡಗಿವೆ, ಸಾಲು ಸೊಟ್ಟಗಿವೆ ಎಂದು ನಗಬೇಡ. ಕಣ್ಣಿಗೆ ಪೊರೆ ಬಂದಿತ್ತು, ಒಂದು ಕಣ್ಣಿಂದ ತೆಗೆಸಿದ್ದೇನೆ, ಚೆನ್ನಾಗಿದೆ. ಎರಡು ತಿಂಗಳು ಕಣ್ಣಿಗೆ ಆಯಾಸ ಕೊಡಬೇಡಿ ಅಂದಿದ್ದಾರೆ ಡಾಕ್ಟರು, ಅಷ್ಟೆ.

ಅದಕ್ಕೇ ಅಂಗಡಿಗೆ ರಜೆ. ಇಪ್ಪತ್ತು ವರ್ಷ ಹೊಲಿಗೆ ಮಿಷನ್ನು ತುಳಿದವಳಿಗೆ ಸುಮ್ಮನೆ ಕೂರುವುದೆಂದರೆ ಮೈಮೇಲೆ ಇರುವೆ ಬಿಟ್ಟ ಹಾಗೆ. ಮನೆಯಲ್ಲಿ ಕೂತು ನಾನು ನಮ್ಮವರನ್ನು ಬೈದೂ ಬೈದೂ, ಅವರು ಬಸ್ ಡಿಪೋದಲ್ಲಿ ತಾವಾಗಿ ಇನ್ನೊಂದು ಪಾಳಿ ಕೇಳಿ ತೆಗೆದುಕೊಂಡರು. ಕಡೆಗೆ ನಮ್ಮ ಗುಬ್ಬಿ, ಕಾಲೇಜು ಹಾಸ್ಟೆಲಿಗೆ ಹೊರಡುವ ಮುಂಚೆ, ನನ್ನ ಫೋನಿಗೆ ಏನೋ ಹಾಕಿಕೊಟ್ಟಳು. ಒತ್ತಿದರೆ ಯಾರೋ ಕಾದಂಬರಿ ಓದಿ ಹೇಳ್ತಾರೆ, ಬೈಯೋದಿದ್ರೆ ಅದರಲ್ಲಿರೋರನ್ನು ಬೈಯಮ್ಮ, ಪಾಪ ಅಪ್ಪನ್ನ ಬಿಟ್ಟುಬಿಡು ಅಂದಳು. ಮಗಳ ನಾಲಿಗೆ ಯಾರ ಮೇಲೆ ಹೋಗಿದೆಯೋ ಗೊತ್ತಿಲ್ಲ.

ಮೊದಲು ಕೇಳಿದ್ದು ಒಂದು ಕೊಲೆಯ ಕಥೆ. ಹೋಟೆಲಿನ ಕೋಣೆಯಲ್ಲಿ ಒಬ್ಬ ಶ್ರೀಮಂತ ಸತ್ತು ಬಿದ್ದಿದ್ದಾನೆ, ಬಾಗಿಲಿಗೆ ಒಳಗಿನಿಂದ ಚಿಲಕ. ಆಹಾ, ಎಂಥ ಕಥೆ ಅಂತೀಯ! ಒಲೆಯ ಮೇಲಿದ್ದ ಹಾಲು ಉಕ್ಕಿ, ಪಾತ್ರೆ ಸೀದು, ಪಕ್ಕದ ಮನೆಯವರು ಬಾಗಿಲು ಬಡಿಯುವವರೆಗೂ ನನಗೆ ಈ ಲೋಕದ ಮೇಲೆ ಗಮನವಿಲ್ಲ. ಆದರೆ ಆ ಪತ್ತೇದಾರನ ಬುದ್ಧಿಗೆ ಏನೆನ್ನಲಿ? ಸತ್ತವನ ಕೋಟಿನಲ್ಲಿ ಐದು ಗುಂಡಿ. ನಾಲ್ಕಕ್ಕೆ ದಾರ ಅಡ್ಡಡ್ಡ ಹಾಯ್ದಿದೆ, ಐದನೆಯದಕ್ಕೆ ಎರಡು ನೇರ ಗೆರೆ. ನಾಲ್ಕನೇ ಅಧ್ಯಾಯದಲ್ಲೇ ಇದನ್ನು ಹೇಳಿದ್ದಾರೆ. ಆ ಗುಂಡಿಯನ್ನು ಬೇರೆ ಯಾರೋ ಆತುರದಲ್ಲಿ ಹಾಕಿದ್ದಾರೆ ಎಂದು ಹೊಲಿಗೆ ಕಲಿಯಲು ಬಂದ ಮೊದಲ ವಾರದವಳಿಗೂ ಗೊತ್ತಾಗುತ್ತದೆ. ಈ ಮಹಾಶಯ ಇಪ್ಪತ್ತೆರಡನೇ ಅಧ್ಯಾಯದವರೆಗೆ ಸಿಗರೇಟು ಸೇದುತ್ತ ಕಿಟಕಿಯಾಚೆ ನೋಡುತ್ತಾನೆ! ಗುಂಡಿ ನೋಡೋ ಮಂಕೇ ಅಂತ ನಾನು ಕೂಗಿದ್ದು ಬೀದಿಗೆ ಕೇಳಿಸಿತಂತೆ. ಕೊನೆಗೆ ಕೊಲೆಗಾರ ಸಿಕ್ಕಿಬಿದ್ದಾಗ ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಮರುದಿನ ಮತ್ತೆ ಮೊದಲಿನಿಂದ ಕೇಳಿದೆ.

ಎರಡನೆಯದು ಪ್ರೇಮದ ಕಥೆ. ಅಂಚೆ ಕಚೇರಿಯ ಗುಮಾಸ್ತನೊಬ್ಬನಿಗೆ ಎದುರಿನ ಔಷಧಿ ಅಂಗಡಿಯವಳ ಮೇಲೆ ಮನಸ್ಸು. ಅವಳು ಆಡಿದ ಯಾವುದೋ ಒಂದು ಮಾತಿಗೆ ಮುನಿಸಿಕೊಂಡು ಹದಿನೇಳು ವರ್ಷ ರಸ್ತೆ ದಾಟುವುದಿಲ್ಲ! ತಲೆನೋವು ಬಂದರೂ ಬೇರೆ ಬೀದಿಗೆ ನಡೆದುಹೋಗಿ ಮಾತ್ರೆ ತರುತ್ತಾನೆ. ಮೊದಮೊದಲು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ, ಆಮೇಲೆ ಮೈಯೆಲ್ಲ ಉರಿಯಿತು. ಬಾಯಿಗೆ ಬೀಗ ಹಾಕಿಕೊಂಡು ಕೂತರೆ ಅವಳಿಗೇನು ಕನಸು ಬೀಳುತ್ತದೆಯೇ? ಒಂದ್ಸಲ ಹೋಗಿ ಕೇಳೋಕೆ ಏನ್ರೀ ರೋಗ ಇವನಿಗೆ ಅಂತ ಊಟಕ್ಕೆ ಕೂತ ನಮ್ಮವರ ಮುಂದೆ ಕೂಗಾಡಿದೆ. ಅವರು ತಟ್ಟೆಯಿಂದ ತಲೆ ಎತ್ತದೆ, ಏಳು ಆಯ್ತು, ಇನ್ನೂ ಹತ್ತು ಬಾಕಿ ಇದೆ ಬಿಡು ಅಂದರು. ಯಾರ ವಿಷಯ ಎಂದು ನಾನು ಕೇಳಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳು ನಾನಲ್ಲ.

ಮೂರನೆಯದನ್ನು ಗುಬ್ಬಿಯೇ ಆರಿಸಿ ಕಳಿಸಿದಳು. ಒತ್ತಿದೆ. ಪುಸ್ತಕದ ಹೆಸರು ಹೇಳುವುದಕ್ಕೆ ಮೊದಲು ಒಂದು ಉಸಿರು ಕೇಳಿಸಿತು ನೋಡು, ಅಷ್ಟಕ್ಕೇ ನೀನೆಂದು ಗೊತ್ತಾಯಿತು. ನೀನು ಶಾಲೆಯ ಕೆಲಸ ಬಿಟ್ಟು ಪುಸ್ತಕ ಓದುವ ಕೆಲಸಕ್ಕೆ ಸೇರಿದ್ದೀಯೆಂದು ನನಗೆ ಯಾರು ಹೇಳಿದ್ದರು? ಗುಬ್ಬಿಗೆ ಗೊತ್ತಿತ್ತಂತೆ! ಮೂರು ವರ್ಷದಿಂದ ದೊಡ್ಡಮ್ಮನ ಜೊತೆ ವಾರವಾರ ಮಾತಾಡುತ್ತಾಳಂತೆ! ಇಬ್ಬರೂ ಸೇರಿ ನನ್ನ ಕಿವಿಗೆ ಚೆನ್ನಾಗಿ ಹೂವಿಟ್ಟಿರಿ. ಸಿಟ್ಟಿನಲ್ಲಿ ಫೋನನ್ನು ದಿಂಬಿನ ಕೆಳಗೆ ತುರುಕಿದೆ. ದಿಂಬಿನ ಕೆಳಗಿನಿಂದಲೂ ನೀನು ಓದುತ್ತಲೇ ಇದ್ದೆ. ಹತ್ತು ನಿಮಿಷ ತಡೆದುಕೊಂಡೆ. ಆಮೇಲೆ, ಅಯ್ಯೋ ನಡುವೆ ಏನಾಯಿತೋ ಎಂದು ತೆಗೆದು, ಹಿಂದಕ್ಕೆ ಸರಿಸಿ ಮತ್ತೆ ಹಾಕಿಕೊಂಡೆ.

ಮತ್ತೆ ಆ ನಿನ್ನ ನಿಲ್ಲಿಸುವ ಚಾಳಿ! ನಾಲ್ಕು ಸಾಲು ಓದುತ್ತೀಯ, ಸುಮ್ಮನಾಗುತ್ತೀಯ. ಮತ್ತೆ ನಾಲ್ಕು ಸಾಲು, ಮತ್ತೆ ಮೌನ. ಕೇಳಿದವರು ಕೆಳಗೆ ಅಭಿಪ್ರಾಯ ಬರೆಯಬಹುದಂತೆ, ಗುಬ್ಬಿ ಫೋನಿನಲ್ಲಿ ಓದಿ ಹೇಳಿದಳು. ಒಬ್ಬ ಬರೆದಿದ್ದಾನೆ, ದನಿ ಚೆನ್ನಾಗಿದೆ, ಆದರೆ ಕಾರಣವಿಲ್ಲದೆ ನಡುನಡುವೆ ನಿಲ್ಲಿಸುತ್ತಾರೆ, ಐದಕ್ಕೆ ಎರಡು ನಕ್ಷತ್ರ ಎಂದು. ಕಾರಣವಿಲ್ಲದೆಯಂತೆ, ಅವನ ತಲೆ! ಗುಬ್ಬಿಯ ಕೈಯಲ್ಲಿ ಆಗಲೇ ಉತ್ತರ ಬರೆಸಿದೆ. ಸ್ವಾಮಿ, ಅದು ಹೊಲಿಗೆ ಮಿಷನ್ನಿಗೆ ಬಿಟ್ಟ ಜಾಗ, ಗೊತ್ತಿಲ್ಲದ ವಿಷಯಕ್ಕೆ ಬಾಯಿ ಹಾಕಬೇಡಿ. ಅವನಿಗೆ ಏನು ಅರ್ಥವಾಯಿತೋ ದೇವರೇ ಬಲ್ಲ.

ಅಮ್ಮ ಮಿಷನ್ನು ತುಳಿಯುವಾಗ ಪಕ್ಕದಲ್ಲಿ ಕೂಗಿದರೂ ಕೇಳಿಸುತ್ತಿರಲಿಲ್ಲ. ಅವಳು ಕಾಲೆತ್ತಿ ಬಟ್ಟೆ ತಿರುಗಿಸಿಕೊಳ್ಳುವ ಸಂದಿನಲ್ಲಿ ನೀನು ನಾಲ್ಕು ಸಾಲು ಓದಬೇಕು, ಮಿಷನ್ನು ಹೊರಟ ಕೂಡಲೇ ನಿಲ್ಲಿಸಬೇಕು. ಓದುವವಳಿಗೆ ಕೆಲಸವಿಲ್ಲ, ಕೇಳುವವಳು ಕಚ್ಚಾ ಹೊಲಿಗೆಯ ದಾರ ಬಿಚ್ಚಬೇಕು. ಅದು ಅಮ್ಮ ಮಾಡಿದ ಕಾನೂನು. ಆ ಸಂದಿಗಳಲ್ಲೇ ನಾವು ಎಷ್ಟು ಪುಸ್ತಕ ಮುಗಿಸಿದೆವು! ಈಗ ನಿನ್ನ ಎದುರು ಮಿಷನ್ನಿಲ್ಲ, ಅಮ್ಮನೂ ಇಲ್ಲ, ಆದರೂ ಜಾಗ ಬಿಡುತ್ತೀಯ. ಆ ಜಾಗದಲ್ಲೆಲ್ಲ ನನಗೆ ಅಮ್ಮನ ಮಿಷನ್ನು ಕೇಳಿಸುತ್ತದೆ. ಅದಕ್ಕೂ ನಿನ್ನ ಮೇಲೆ ಸಿಟ್ಟು ಬಂತು.

ಈಗ ಹೊಸ ಜಗಳಕ್ಕೆ ಬರುತ್ತೇನೆ. ನೀನು ಓದಿದ್ದು ಆ ದೋಣಿಯವನ ಇಬ್ಬರು ಹೆಣ್ಣುಮಕ್ಕಳ ಕಥೆ. ನನಗೆ ಎಂಟು, ನಿನಗೆ ಹದಿನಾಲ್ಕು ಇದ್ದಾಗ ಶಾಲೆಯ ಲೈಬ್ರರಿಯಿಂದ ತಂದು ಓದಿದ್ದೆಯಲ್ಲ, ಅದೇ. ಅಪ್ಪನಿಗೆ ಜ್ವರ, ಚಿಕ್ಕವಳು ಮದ್ದು ತರಲು ಆಚೆ ದಡಕ್ಕೆ ಹೋಗುತ್ತಾಳೆ, ಹೊಳೆ ಏರುತ್ತದೆ, ದೊಡ್ಡವಳು ದಡದಲ್ಲಿ ಕಾಯುತ್ತಾಳೆ. ಮೂರನೇ ದಿನ ಬಾಗಿಲು ಬಡಿಯುತ್ತದೆ. ಚಿಕ್ಕವಳು ಒದ್ದೆಮುದ್ದೆಯಾಗಿ, ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ನಿಂತಿದ್ದಾಳೆ. ಜ್ವರದಲ್ಲಿ ಮಲಗಿದ್ದ ಅಪ್ಪ ಎದ್ದು ಕೂತು, ಇನ್ನೊಂದು ಚಪ್ಪಲಿ ಎಲ್ಲೇ ಎಂದು ಗದರುತ್ತಾನೆ. ಎಲ್ಲರೂ ಅಳುತ್ತ ನಗುತ್ತಾರೆ. ಕಥೆ ಮುಗಿಯಿತು. ಅಮ್ಮನೂ ಮಿಷನ್ನು ನಿಲ್ಲಿಸಿ ನಕ್ಕಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಯಾರು ತಡವಾಗಿ ಬಂದರೂ ಅದೇ ಪ್ರಶ್ನೆ. ಗುಬ್ಬಿ ಸೈಕಲ್ಲಿನಿಂದ ಬಿದ್ದು ಮಂಡಿ ತರಚಿಕೊಂಡು ಬಂದಾಗಲೂ ನಾನು ಕೇಳಿದ್ದು ಅದನ್ನೇ. ಅವಳು ಅಳು ನಿಲ್ಲಿಸಿ ನಕ್ಕಿದ್ದಳು.

ಮೊನ್ನೆ ಕೊನೆಯ ಅಧ್ಯಾಯಕ್ಕೆ ಬಂದಾಗ ಆ ಮಾತನ್ನು ನಿನ್ನ ಬಾಯಿಂದ ಇನ್ನೊಮ್ಮೆ ಕೇಳಬೇಕೆಂದು ಸರಿಯಾಗಿ ಕಾಲು ಮಡಚಿ ಕೂತೆ. ನೀನು ನಿಲ್ಲಿಸಿದೆ. ಒಂದು ಇಡೀ ಕಿಟಕಿ ಪರದೆಯ ಅಂಚು ಹೊಲಿಯುವಷ್ಟು ಹೊತ್ತು ನಿಲ್ಲಿಸಿದೆ. ಆಮೇಲೆ ಓದಿದೆ. ಯಾರೂ ಬಾಗಿಲು ಬಡಿಯಲಿಲ್ಲ. ಮೂರನೇ ದಿನ ಹೊಳೆಯ ಅಂಚಿನ ಜೊಂಡಿನಲ್ಲಿ ಒಂದು ಚಪ್ಪಲಿ ಸಿಕ್ಕಿತು, ಬರೀ ಚಪ್ಪಲಿ. ದೊಡ್ಡವಳು ಅದನ್ನು ಒಣಗಿಸಿ ಕಿಟಕಿಯಲ್ಲಿಟ್ಟಳು. ಪುಸ್ತಕ ಮುಗಿಯಿತು.

ಮೋಸಗಾತಿ! ಮೂವತ್ತೆಂಟು ವರ್ಷ! ಪುಸ್ತಕದಲ್ಲಿ ಸತ್ತ ಹುಡುಗಿಯನ್ನು ಬದುಕಿಸಿ ನನ್ನ ಕೈಗೆ ಕೊಟ್ಟೆಯಲ್ಲ! ಓದಿ ಮುಗಿಸಿದ ದಿನವೇ ಓಡಿಹೋಗಿ ಪುಸ್ತಕ ವಾಪಸು ಕೊಟ್ಟು ಬಂದಿದ್ದು ಯಾಕೆ ಎಂದು ಈಗ ಗೊತ್ತಾಯಿತು. ಮೊನ್ನೆ ಮಧ್ಯಾಹ್ನ ನಾನು ಗೊಳೋ ಎಂದು ಅತ್ತೆ. ಆ ಚಿಕ್ಕವಳು ಎಂಟನೇ ವಯಸ್ಸಿನಿಂದ ನನ್ನ ಜೊತೆ ಬೆಳೆದವಳು, ಅವಳು ಹೀಗೆ ಒಂದೇ ನಿಮಿಷದಲ್ಲಿ ಹೋಗಿಬಿಡುವುದೇ? ನಾನು ಎಷ್ಟು ತಡೆದುಕೊಳ್ಳಬಲ್ಲೆ, ಎಷ್ಟು ತಡೆದುಕೊಳ್ಳಲಾರೆ ಎಂದು ಅಳತೆ ಹಿಡಿಯುವ ಅಧಿಕಾರ ನಿನಗೆ ಯಾರು ಕೊಟ್ಟರು?

ಇದೇ ಪ್ರಶ್ನೆಯನ್ನು ಏಳು ವರ್ಷದ ಹಿಂದೆ ಕೇಳಿ ಫೋನು ಇಟ್ಟಿದ್ದೆ. ನೆನಪಿದೆಯಲ್ಲ? ನನ್ನ ಹೊಟ್ಟೆಯ ಆಪರೇಷನ್ ಆಗಿತ್ತು, ನಾನು ಏಳುವ ಹಾಗಿರಲಿಲ್ಲ. ದಿನಾ ಸಂಜೆ ನೀನು ಫೋನು ಮಾಡಿ ಅಮ್ಮ ಆರಾಮಾಗಿದ್ದಾಳೆ ಅನ್ನುತ್ತಿದ್ದೆ. ಇವತ್ತು ಎದ್ದು ಕೂತಳು, ಇವತ್ತು ಊಟ ಮಾಡಿದಳು, ಇವತ್ತು ಮಿಷನ್ನಿಗೆ ಎಣ್ಣೆ ಹಾಕಿದಳು ಅಂದೆ. ಎಣ್ಣೆ ಹಾಕಿದಳಂತೆ! ಎಷ್ಟು ಚೆಂದದ ಸುಳ್ಳು! ಹನ್ನೊಂದು ದಿನ ಅಮ್ಮ ಆಸ್ಪತ್ರೆಯಲ್ಲಿ ಕಣ್ಣೇ ಬಿಟ್ಟಿರಲಿಲ್ಲ. ಹನ್ನೆರಡನೇ ದಿನ ನಮ್ಮವರು ಮಂಚದ ತುದಿಯಲ್ಲಿ ಕೂತು ಹೇಳಿದಾಗ ಎಲ್ಲಾ ಮುಗಿದಿತ್ತು. ನೋಡಲು ಬರುವ ಶಕ್ತಿ ನನಗಿರಲಿಲ್ಲ, ಒಪ್ಪುತ್ತೇನೆ. ಆದರೆ ಮಲಗಿದಲ್ಲೇ ಅಳುವ ಹಕ್ಕಾದರೂ ನನಗಿತ್ತು. ಅದನ್ನು ನೀನು ಕಿತ್ತುಕೊಂಡೆ. ಇದಕ್ಕೆ ನಿನ್ನನ್ನು ಕ್ಷಮಿಸಿಲ್ಲ, ಈಗಲೂ ಇಲ್ಲ.

ಆದರೆ ಎರಡು ದಿನದಿಂದ ಒಂದು ವಿಷಯ ತಲೆ ತಿನ್ನುತ್ತಿದೆ. ಆ ಕೊನೆಯ ಅಧ್ಯಾಯವನ್ನು ಐದು ಸಲ ಕೇಳಿದೆ. ನಿನಗೆ ಆಗ ಹದಿನಾಲ್ಕು, ಅಕ್ಕ. ಹದಿನಾಲ್ಕು ಒಂದು ವಯಸ್ಸೇ? ಪುಟ ತಿರುಗಿಸಿದಾಗ ಮೊದಲು ಕಂಡದ್ದು ನಿನ್ನ ಕಣ್ಣಿಗೆ. ಎದುರಿಗೆ ನಾನು ದಾರ ಬಿಚ್ಚುವುದು ಮರೆತು ಬಾಯಿ ಬಿಟ್ಟುಕೊಂಡು ಕೂತಿದ್ದೆ. ಅಮ್ಮನ ಮಿಷನ್ನು ಒಂದು ಸಲ ಓಡಿ ನಿಲ್ಲುವುದರೊಳಗೆ ನೀನು ಸತ್ತವಳನ್ನು ಎಬ್ಬಿಸಿ, ಒಂದು ಕಾಲಿಗೆ ಚಪ್ಪಲಿ ಹಾಕಿ, ಬಾಗಿಲಿಗೆ ಕರೆತರಬೇಕಿತ್ತು. ತಂದೆ. ನಾವು ನಕ್ಕೆವು. ನೀನು ಆ ಜೊಂಡಿನಲ್ಲಿ ಸಿಕ್ಕ ಚಪ್ಪಲಿಯನ್ನು ಒಬ್ಬಳೇ ಇಟ್ಟುಕೊಂಡೆ.

ಆಸ್ಪತ್ರೆಯಲ್ಲೂ ಹಾಗೇ ಮಾಡಿದೆ. ಹಗಲೆಲ್ಲ ಅಮ್ಮನ ಹತ್ತಿರ ಒಬ್ಬಳೇ ಕೂತಿದ್ದು, ಸಂಜೆ ಹೊರಗೆ ಬಂದು ಗಂಟಲು ಸರಿಮಾಡಿಕೊಂಡು ನನಗೆ ಎಣ್ಣೆಯ ಕಥೆ ಹೇಳುತ್ತಿದ್ದೆ. ನನಗೇನೋ ನೀನು ಕೊನೆ ಬದಲಾಯಿಸಿ ಓದಿದೆ. ನಿನಗೆ ಯಾರೇ ಬದಲಾಯಿಸಿ ಓದಿದರು? ಇದನ್ನು ಯೋಚಿಸಿದಾಗಿನಿಂದ ನನಗೆ ಸಿಟ್ಟು ಇನ್ನೂ ಜಾಸ್ತಿಯಾಗಿದೆ. ಯಾರ ಮೇಲೆ ಎಂದು ಮಾತ್ರ ಗೊತ್ತಾಗುತ್ತಿಲ್ಲ. ಅರ್ಧ ಭಾರ ನನಗೂ ಕೊಟ್ಟಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಕೈ ನೋಯುತ್ತಿದೆ, ನಿಲ್ಲಿಸುತ್ತೇನೆ. ಆ ಎರಡು ನಕ್ಷತ್ರದವನು ಏನು ಬರೆದರೂ ನೀನು ನಿಲ್ಲಿಸಿ ನಿಲ್ಲಿಸಿಯೇ ಓದು. ನಿನ್ನ ಬಾಯಲ್ಲಿ ಆ ಪತ್ತೇದಾರನ ಕಥೆ ಕೇಳಬೇಕಿತ್ತು, ಅದನ್ನು ಓದಿದ ಗಂಡಸಿಗೆ ಸದಾ ಶೀತ.

ಸಿಟ್ಟು ಹಾಗೇ ಇರುವ,
ನಿನ್ನ ಸೂಜಿ
(ಹಾಗೆ ಕರೆಯುವವಳು ನೀನೊಬ್ಬಳೇ. ಏಳು ವರ್ಷದಿಂದ ಯಾರೂ ಕರೆದಿಲ್ಲ.)

ತಾ.ಕ.: ಅದು ಪೊರೆಯಲ್ಲ. ಗುಬ್ಬಿ ನಿನಗೆ ಪೊರೆ ಎಂದೇ ಹೇಳಿರುತ್ತಾಳೆ, ನಾನು ಅವಳಿಗೆ ಹೇಳಿದ್ದು ಹಾಗೆ. ಎರಡೂ ಕಣ್ಣಿನ ಹಿಂದಿನ ಪದರ ಹರಿದಿದೆಯಂತೆ. ಆಪರೇಷನ್ ಆದ ಕಣ್ಣಿಗೆ ಬೆಳಕು ಬಿಟ್ಟರೆ ಏನೂ ಕಾಣುವುದಿಲ್ಲ. ೨೪ನೇ ತಾರೀಖು ಬುಧವಾರ ಎರಡನೆಯ ಕಣ್ಣಿಗೆ. ಅದೂ ಹಾಗೇ ಆದರೆ ಅಂಗಡಿಗೆ ಬೀಗವೇ. ನಮ್ಮವರಿಗೆ ಮಾತ್ರ ಗೊತ್ತು. ಗುಬ್ಬಿಗೆ ಪರೀಕ್ಷೆ ನಡೆಯುತ್ತಿದೆ. ದಿನಾ ಸಂಜೆ ಅವಳು ಫೋನು ಮಾಡಿದಾಗ, ಇವತ್ತು ಸೂಜಿಗೆ ದಾರ ಪೋಣಿಸಿದೆ ಕಣೇ, ಒಂದೇ ಸಲಕ್ಕೆ ಹೋಯ್ತು ಅನ್ನುತ್ತೇನೆ. ಯಾರಿಂದ ಕಲಿತೆ ಎಂದು ಕೇಳಬೇಡ.

ಬುಧವಾರದೊಳಗೆ ಬಾ. ಕಟ್ಟು ಬಿಚ್ಚುವಾಗ ಡಾಕ್ಟರು ಏನು ಹೇಳುತ್ತಾರೋ, ಅದನ್ನು ಇದ್ದದ್ದು ಇದ್ದ ಹಾಗೇ ನನಗೆ ನೀನು ಹೇಳಬೇಕು, ಒಂದಕ್ಷರ ಬದಲಾಯಿಸಬಾರದು. ಆಮೇಲೆ ಗುಬ್ಬಿಗೆ ಇಬ್ಬರೂ ಕೂತು ಹೇಳೋಣ. ಎರಡೂ ಚಪ್ಪಲಿ ಹಾಕಿಕೊಂಡು ಬಾ.